ಡ್ರಿಲ್ ಮಾಸ್ತರರ ಮಗಳು ಮತ್ತು ಒಂದು ಕಾವಿನ ಪೆಟ್ಟಿಗೆ

ನಾನು ಒಂದು ಇನ್‌ಕ್ಯುಬೇಟರ್. ಕಾವಿನ ಪೆಟ್ಟಿಗೆ ಅಂತ ಬೇಕಾದರೆ ಕರೆಯಿರಿ, ಬೇಸರವಿಲ್ಲ. ಆದರೆ ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆ ಅಂತ ಮಾತ್ರ ತಿಳಿಯಬೇಡಿ. ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಮಲಗಿಸುವ ಗಾಜಿನ ತೊಟ್ಟಿಲೂ ನಾನಲ್ಲ. ನಾನು ಸಾಕಿದ್ದು ಬರಿಗಣ್ಣಿಗೆ ಕಾಣದವರನ್ನು. ಮನುಷ್ಯರ ತೋಳಿನಿಂದ ಚಿಟಿಕೆಯಷ್ಟು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಬಿಡಿಸಿ, ಗುಲಾಬಿ ಬಣ್ಣದ ದ್ರವವಿರುವ ಚಪ್ಪಟೆ ಬಾಟಲಿಗಳಲ್ಲಿ ಹಾಕಿ ನನ್ನ ಹೊಟ್ಟೆಯೊಳಗೆ ಇಡುತ್ತಿದ್ದರು. ತಾವು ಮೈಬಿಟ್ಟು ಹೊರಗೆ ಬಂದಿದ್ದೇವೆ ಅನ್ನುವುದು ಆ ಕೋಶಗಳಿಗೆ ಗೊತ್ತೇ ಆಗಬಾರದು. ಮೈಯೊಳಗಿದ್ದಷ್ಟೇ ಬಿಸಿ, ಅಷ್ಟೇ ತೇವ. ಅದನ್ನು ಕಾಯುವುದು ನನ್ನ ಕೆಲಸ.

ನಾನು ಹುಟ್ಟಿದ್ದು ಸಮುದ್ರದಾಚೆ, ಒಂದು ಚಳಿ ದೇಶದ ಕಾರ್ಖಾನೆಯಲ್ಲಿ. ಅಲ್ಲಿಯದು ನನಗೆ ಹೆಚ್ಚು ನೆನಪಿಲ್ಲ. ಸ್ಟೀಲಿನ ತಗಡು ಬಗ್ಗಿಸಿದ್ದು ನೆನಪಿದೆ. ಒಬ್ಬ ಹೆಂಗಸು ನನ್ನ ಬಾಗಿಲಿನ ಸುತ್ತ ರಬ್ಬರ್ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದದ್ದು ನೆನಪಿದೆ, ಅವಳ ಬೆರಳು ತಣ್ಣಗಿತ್ತು. ಆಮೇಲೆ ಮರದ ಪೆಟ್ಟಿಗೆ, ಹಡಗು, ಲಾರಿ. ಮತ್ತೆ ಬೆಳಕು ಕಂಡದ್ದು ಮೈಸೂರಿನಲ್ಲಿ, ಒಂದು ಸಂಶೋಧನಾ ಸಂಸ್ಥೆಯ ಹಿಂಬಾಗಿಲಲ್ಲಿ. ಮೊಳೆ ಕಿತ್ತು ನನ್ನನ್ನು ಹೊರಗೆ ತೆಗೆದವನು ಲ್ಯಾಬಿನ ಅಟೆಂಡರ್ ಪುಟ್ಟಸ್ವಾಮಿ.

"ಏನ್ ಮೇಡಂ ಇದು, ಬೀರುನಾ?" ಅಂತ ಕೇಳಿದ.

"ಬೀರು ಅಲ್ಲ ಮಾರಾಯ, ಬಾಣಂತಿ ಕೋಣೆ. ಬಾಗಿಲು ತೆರೆದಿಟ್ರೆ ಗಾಳಿ ಹೊಡೀತದೆ, ಹುಷಾರು," ಅಂದರು ಲ್ಯಾಬಿನ ಯಜಮಾನಿ ಡಾಕ್ಟರ್ ಐರಿನ್ ಮಸ್ಕರೇನಸ್. ಮಂಗಳೂರಿನವರು. ಎತ್ತರದ ಆಳು, ಬಿಳಿ ಕ್ಯಾನ್ವಾಸ್ ಬೂಟು, ನಡೆದರೆ ನೆಲ ಸದ್ದು ಮಾಡುತ್ತಿತ್ತು.

ಬಾಣಂತಿ ಕೋಣೆ! ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಮತ್ತೆ ಯಾರೂ ಹೇಳಲಿಲ್ಲ. ನನ್ನ ಸಿಟ್ಟಿನ ಮೂಲವೂ ಅದೇ. ಬಾಗಿಲು ತೆಗೆದು, ಬಾಟಲಿ ಕೈಯಲ್ಲಿ ಹಿಡಿದು, ಪಕ್ಕದವರ ಹತ್ತಿರ ಸಿನಿಮಾ ಮಾತಾಡುತ್ತಾ ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಿಸಿಯೆಲ್ಲ ಹೊರಗೆ ಹೋಗುತ್ತದಲ್ಲ, ಅದನ್ನು ಮತ್ತೆ ಒಟ್ಟು ಮಾಡುವವರು ಯಾರು, ನಿಮ್ಮ ತಾತನಾ? ಬಾಯಿಲ್ಲದ ನಾನು ಗಂಟೆ ಬಾರಿಸುತ್ತಿದ್ದೆ. ಕುಂಯ್ ಕುಂಯ್ ಅಂತ. "ಅತ್ತೆ ಶುರು ಮಾಡಿದ್ರು" ಅಂತ ಹುಡುಗರು ಬಾಗಿಲು ಹಾಕುತ್ತಿದ್ದರು. ಆಯುಧಪೂಜೆಯ ದಿನ ಪುಟ್ಟಸ್ವಾಮಿ ಕುಂಕುಮವಿಟ್ಟು ಚೆಂಡುಹೂ ತಂದರೆ ಐರಿನ್ ಮೇಡಂ ಓಡಿಬರುತ್ತಿದ್ದರು: "ಹೊರಗೆ ಎಷ್ಟು ಬೇಕಾದ್ರೂ ಹಾಕು, ಒಳಗೆ ಒಂದು ಎಸಳು ಬೇಡ. ಬೂಷ್ಟು ಬರ್ತದೆ." ಹಾಗಾಗಿ ವರ್ಷಕ್ಕೊಂದು ದಿನ ನಾನೂ ಹೂ ಮುಡಿದು ನಿಂತಿರುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ನನ್ನನ್ನು ನೆಲದ ಮೇಲೆ ಇಟ್ಟರು. ನನ್ನ ತಲೆಯ ಮೇಲೆ ನನ್ನಂಥದೇ ಇನ್ನೊಂದನ್ನು ಕೂರಿಸಿದರು. ಅದಕ್ಕೆ ಮುಖಗಳು ಕಾಣುತ್ತಿದ್ದವು. ನನಗೆ ಕಂಡದ್ದು ಕಾಲುಗಳು. ಬೇಕಾದಷ್ಟು ಕಾಲುಗಳನ್ನು ನೋಡಿದ್ದೇನೆ. ಚಪ್ಪಲಿ ಎಳೆಯುವವರು, ತುದಿಗಾಲಲ್ಲಿ ಬರುವವರು, ಫಲಿತಾಂಶ ಸರಿ ಬಾರದೆ ನನ್ನ ಮುಂದೆ ನಿಂತಲ್ಲೇ ನಿಲ್ಲುವವರು. ನಡಿಗೆ ನೋಡಿ ಆಳು ಹೇಳುವುದು ನನಗೆ ಅಭ್ಯಾಸವಾಯಿತು.

ಅಂಥ ಲ್ಯಾಬಿಗೆ ಸಂಶೋಧನೆ ಮಾಡಲು ಶೈಲಜಾ ಹೂಗಾರ ಬಂದಳು. ಗದಗಿನವಳು. ಸಣ್ಣ ಆಳು, ಬಿರುಸು ನಡಿಗೆ, ನೇರ ಗೆರೆ ಹಾಕಿದಂತೆ ಹೆಜ್ಜೆ. ಅದರ ಕಾರಣ ಆಮೇಲೆ ತಿಳಿಯಿತು. ಅವಳ ಅಪ್ಪ ಚನ್ನಪ್ಪ ಹೂಗಾರ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮಗಳಿಗೆ ನಡೆಯಲು ಕಲಿಸುವಾಗಲೇ ಎಡ-ಬಲ ಹೇಳಿಕೊಟ್ಟವರು. ಆದರೆ ಅವಳು ಅಪ್ಪನ ಮಾತು ಆಡುತ್ತಿದ್ದದ್ದು ಅಪರೂಪ. ಆಡಿದರೂ ಫೋನಿನಲ್ಲಿ, ಅವ್ವನ ಹತ್ತಿರ, ನನ್ನ ಪಕ್ಕದ ಮೂಲೆಯಲ್ಲಿ ನಿಂತು.

"ಏನವಾ? ಮತ್ತ ಬಿದ್ನಾ? ಬಜಾರದಾಗ? ಬೀಳ್ಲಿ ಬಿಡು. ಕುಡದು ಬಿದ್ದಾವನ್ನ ಎಷ್ಟ್ ಸಲ ಎಬ್ಬಸ್ತೀ?"

ಫೋನು ಇಟ್ಟು ನನ್ನ ಬಾಗಿಲು ತೆಗೆಯುತ್ತಿದ್ದಳು. ಎಷ್ಟೇ ಸಿಟ್ಟಿದ್ದರೂ ಬಾಗಿಲು ಮಾತ್ರ ಸರಿಯಾಗಿ ಹಾಕುತ್ತಿದ್ದಳು. ಅದಕ್ಕೇ ನನಗೆ ಅವಳ ಮೇಲೆ ಪ್ರೀತಿ.

ಇನ್ನು ಅವರ ಕೆಲಸ. ಐರಿನ್ ಮೇಡಂ ಬಿದ್ದಿದ್ದು ಒಂದು ಕಾಯಿಲೆಯ ಹಿಂದೆ. ಅದರ ಹೆಸರು ದೊಡ್ಡದು, ಲ್ಯಾಬಿನಲ್ಲಿ ಎಲ್ಲರೂ "ನಡಿಗೆ ಕಾಯಿಲೆ" ಅನ್ನುತ್ತಿದ್ದರು. ಮನೆತನದಲ್ಲಿ ಇಳಿದು ಬರುತ್ತದೆ. ನಡುವಯಸ್ಸಿನವರೆಗೆ ಗಟ್ಟಿಮುಟ್ಟಾಗಿದ್ದವರು ಮೆಲ್ಲಗೆ ಓಲಾಡಲು ಶುರು ಮಾಡುತ್ತಾರೆ, ಲೋಟ ಹಿಡಿದರೆ ನೀರು ತುಳುಕುತ್ತದೆ, ನಾಲಿಗೆ ದಪ್ಪವಾಗುತ್ತದೆ. ಎಲ್ಲ ಒಂದು ಜೀನ್‌ನ ಕಿತಾಪತಿ. ಜೀನ್ ಜೋಡಿಯಾಗಿ ಬರುತ್ತದಂತೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಈ ಕಾಯಿಲೆಯವರಲ್ಲಿ ಒಂದು ಸರಿಯಾಗಿರುತ್ತದೆ. ಇನ್ನೊಂದು ಹಾಳು ಮಾತು ಆಡುತ್ತಲೇ ಇರುತ್ತದೆ, ಅದನ್ನು ಕೇಳಿ ಕೋಶದೊಳಗೆ ಕೆಟ್ಟ ಪ್ರೋಟೀನು ಗಂಟು ಕಟ್ಟುತ್ತದೆ.

"ಒಳ್ಳೇದು ಮಾತಾಡ್ಲಿ. ಕೆಟ್ಟದರ ಬಾಯಿ ಮಾತ್ರ ಮುಚ್ಚಬೇಕು," ಅನ್ನುತ್ತಿದ್ದರು ಮೇಡಂ.

ಅದಕ್ಕೆ ಅವರು ಹಿಡಿದದ್ದು ವೈರಸ್ಸನ್ನು. ಕೋಶದೊಳಗೆ ನುಗ್ಗುವುದನ್ನು ವೈರಸ್ಸಿಗೆ ಯಾರೂ ಕಲಿಸಬೇಕಾಗಿಲ್ಲ. ಅದರಲ್ಲಿದ್ದ ಕೇಡನ್ನೆಲ್ಲ ತೆಗೆದು, ಒಳಗೆ ಹೋಗುವ ಜಾಣತನ ಮಾತ್ರ ಉಳಿಸಿ, ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಆಜ್ಞೆ ಬರೆದಿಟ್ಟು ಕಳಿಸುತ್ತಿದ್ದರು. ಅದನ್ನು ವೆಕ್ಟರ್ ಅನ್ನುತ್ತಾರೆ. ಆ ಆಜ್ಞೆ ಜೀನ್ ಜೋಡಿಯಲ್ಲಿನ ಕೆಟ್ಟ ಪ್ರತಿಯನ್ನು ಅದರ ಒಂದು ಗುರುತಿನಿಂದ ಕಂಡುಹಿಡಿದು ಅದನ್ನೊಂದನ್ನೇ ಸುಮ್ಮನಾಗಿಸಬೇಕು. ಶೈಲಜಾ ಎರಡೆರಡು ಗ್ಲೌಸು ಹಾಕಿಕೊಂಡು, ಹೆಪ್ಪುಗಟ್ಟಿದ್ದನ್ನು ಐಸಿನ ಮೇಲಿಟ್ಟು ಮೆಲ್ಲಗೆ ಕರಗಿಸಿದ ವೆಕ್ಟರನ್ನು ಹನಿಹನಿಯಾಗಿ ಕೋಶಗಳ ಮೇಲೆ ಬಿಟ್ಟು, "ನೋಡ್ಕೋ ಮತ್ತ" ಅಂತ ನನಗೆ ಒಪ್ಪಿಸಿ ಹೋಗುತ್ತಿದ್ದಳು. ನಾನು ನೋಡಿಕೊಳ್ಳುತ್ತಿದ್ದೆ. ರೋಗಿಗಳ ಕೋಶಗಳಲ್ಲಿ ಗಂಟು ಕರಗಿದ ದಿನ ಮೇಡಂ ಎಲ್ಲರಿಗೂ ಮಸಾಲೆದೋಸೆ ತರಿಸಿದರು. ಎಣ್ಣೆಕೈಯಲ್ಲಿ ನನ್ನ ಬಾಗಿಲು ಮುಟ್ಟಿದವರಿಗೆ ಬೈದದ್ದೂ ಅವರೇ.

ಇಂಥ ಕೆಲಸದಲ್ಲಿ ಒಂದು ಪದ್ಧತಿ ಇದೆ. ರೋಗಿಯ ಕೋಶದ ಪಕ್ಕದಲ್ಲಿ ರೋಗವಿಲ್ಲದವರ ಕೋಶವೂ ಇರಲೇಬೇಕು, ಹೋಲಿಸಿ ನೋಡಲಿಕ್ಕೆ. ಆ ಬಾಟಲಿಯ ಮೇಲೆ "ನಾರ್ಮಲ್" ಅಂತ ಬರೆಯುತ್ತಾರೆ. ಅದಕ್ಕೆ ಚರ್ಮ ಕೊಡುವವರು ಯಾರು? ಹೆಚ್ಚಾಗಿ ಲ್ಯಾಬಿನವರೇ ತೋಳು ಚಾಚುತ್ತಾರೆ.

"ನಮ್ಮ ಲ್ಯಾಬಲ್ಲಿ ನಾರ್ಮಲ್ ಯಾರುಂಟು?" ಅಂತ ಮೇಡಂ ನಕ್ಕರು.

"ನಂದು ತಗೋರಿ ಮೇಡಂ. ಜೋಳದ ರೊಟ್ಟಿ ತಿಂದ ಮೈ, ಕಲ್ಲಿದ್ದಂಗ ಐತಿ," ಅಂದಳು ಶೈಲಜಾ.

ಒಪ್ಪಿಗೆಗೆ ಸಹಿ ಹಾಕಿದಳು, ಡಾಕ್ಟರು ಬಂದು ಅವಳ ತೋಳಿನಿಂದ ಚೂರು ಚರ್ಮ ತೆಗೆದರು. ಅವಳ ಕೋಶಗಳು ನನ್ನ ಹೊಟ್ಟೆಗೆ ಬಂದವು. ಎಷ್ಟು ಚೆನ್ನಾಗಿ ಬೆಳೆದವು ಗೊತ್ತೇ! ನೋಡನೋಡುತ್ತಾ ಬಾಟಲಿ ತುಂಬಿಬಿಟ್ಟವು. ನಾರ್ಮಲ್ ಅಂದರೆ ಹೀಗಿರಬೇಕು ಅಂತ ನನಗೂ ಹೆಮ್ಮೆ.

ವೆಕ್ಟರ್ ಹಾಕಿದರೆ ಆ ಕೋಶಗಳಲ್ಲಿ ಏನೂ ಆಗಬಾರದು. ಸುಮ್ಮನಾಗಿಸಲು ಅಲ್ಲಿ ಕೆಟ್ಟ ಪ್ರತಿಯೇ ಇಲ್ಲವಲ್ಲ. ಆದರೆ ಆಯಿತು. ಆ ಜೀನ್ ಮಾಡುವ ಪ್ರೋಟೀನು ಅರ್ಧಕ್ಕರ್ಧ ಇಳಿಯಿತು, ಜೋಡಿಯಲ್ಲಿ ಒಂದರ ಬಾಯಿ ಮುಚ್ಚಿದಂತೆ.

ಶೈಲಜಾ ಬಾಟಲಿ ಅದಲುಬದಲಾಗಿದೆ ಅಂದುಕೊಂಡಳು. ಮತ್ತೆ ಮಾಡಿದಳು, ಅದೇ. ಅರ್ಥವಿಲ್ಲದ ಆಜ್ಞೆ ಹೊತ್ತ ಇನ್ನೊಂದು ವೆಕ್ಟರ್ ಹಾಕಿ ನೋಡಿದಳು, ಆಗ ಏನೂ ಇಳಿಯಲಿಲ್ಲ. ಅಂದರೆ ವೈರಸ್ಸಿನದೇ ತೊಂದರೆ ಅಲ್ಲ. ಕೊನೆಗೆ ಬಂತು ನೋಡಿ ನನ್ನ ತಲೆಗೆ.

"ಈ ಇನ್‌ಕ್ಯುಬೇಟರಿಂದನ ಏನರ ತೊಂದ್ರಿ ಐತ್ರಿ ಮೇಡಂ. ಬಿಸಿ ಸರಿ ಹಿಡೀವಲ್ದು."

ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ರಿಪೇರಿಯವನು ಬಂದ, ನನ್ನ ಹೊಟ್ಟೆಯೊಳಗೆಲ್ಲ ತಂತಿ ಇಳಿಬಿಟ್ಟ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅಂತ ಹೇಳಿ ಹೋದ. ಆಮೇಲೆ ಇನ್ನೊಂದು ನಾರ್ಮಲ್ ಬೇಕು ಅಂತ ಪುಟ್ಟಸ್ವಾಮಿಯನ್ನು ಕೇಳಿದರು. "ನಾನು ನಾರ್ಮಲ್ ಅಂದ್ರೆ ನಮ್ಮನೆಯವ್ಳು ನಗ್ತಾಳೆ ಬುಡಿ," ಅನ್ನುತ್ತಲೇ ತೋಳು ಚಾಚಿದ. ಅವನ ಕೋಶಗಳಲ್ಲಿ ವೆಕ್ಟರ್ ಏನೂ ಮಾಡಲಿಲ್ಲ. ಮಾಡಿದ್ದು ಶೈಲಜಾಳ ಕೋಶಗಳಲ್ಲಿ ಮಾತ್ರ.

ಆವತ್ತಿನಿಂದ ಮೇಡಂ ನನ್ನ ಮುಂದೆ ಬಂದು ನಿಲ್ಲುತ್ತಿದ್ದರು, ಬಾಗಿಲು ತೆಗೆಯದೆ ಹೋಗುತ್ತಿದ್ದರು. ಆ ಬಿಳಿ ಬೂಟುಗಳು ಅಷ್ಟು ಮೆಲ್ಲಗೆ ನಡೆದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಶೈಲಜಾಳನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು.

"ಶೈಲಾ, ಒಂದು ಮಾತು ಕೇಳ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ನಡಿಗೆ ತಪ್ತದಾ?"

"ಇಲ್ರಿ."

"ಬೀಳೋದು, ಕೈ ನಡುಗೋದು, ಮಾತು ತೊದಲೋದು?"

"ಇಲ್ರಿ ಮೇಡಂ. ನಮ್ಮಪ್ಪ ಬೀಳ್ತಾನ, ಖರೆ. ಆದ್ರ ಅಂವಾ ಕುಡೀತಾನ." ಅಷ್ಟು ಹೇಳಿ ಅವಳು ಹಳೆಯದನ್ನೂ ಹೇಳಿದಳು. ಆಗಸ್ಟ್ ಹದಿನೈದು, ಶಾಲೆಯ ಮೈದಾನ, ಊರ ಹಿರಿಯರೆಲ್ಲ ಕೂತಿದ್ದರು. ಅಪ್ಪ ಮುಂದೆ ನಿಂತು "ಸಾವಧಾನ್" ಅಂತ ಕೂಗಿ ಕಾಲೆತ್ತಿದವರು ಓಲಾಡಿ ಧ್ವಜದ ಕಂಬದ ಬುಡದಲ್ಲಿ ಬಿದ್ದರು. ಝೆಂಡಾ ದಿನವೂ ಬಿಡಲಿಲ್ಲ ಈ ಕುಡುಕ ಅಂತ ಊರೆಲ್ಲ ನಕ್ಕಿತು. ಅವಳು ಎದುರಿಗೇ ಮಕ್ಕಳ ಸಾಲಿನಲ್ಲಿ ನಿಂತಿದ್ದಳು. ಮರುದಿನದಿಂದ ಅಪ್ಪನ ಜೊತೆ ಶಾಲೆಗೆ ನಡೆದು ಹೋಗಲಿಲ್ಲ. "ಅವ್ವನ ತಲಿ ಮುಟ್ಟಿ ಆಣಿ ಮಾಡಿದ್ನರಿ, ಕುಡದಿಲ್ಲಂತ. ಕುಡದಾವ್ರೆಲ್ಲಾ ಹಂಗ ಅಂತಾರಲ್ರಿ..."

ಅವಳ ಕಾಲುಗಳು ನನ್ನ ಕಣ್ಣ ಮುಂದೆಯೇ ಇದ್ದವು. ಸ್ಟೂಲಿನ ಅಡ್ಡಪಟ್ಟಿಯ ಮೇಲಿದ್ದ ಎರಡೂ ಪಾದಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ನೋಡಿ, ಎಂಥ ಹುಡುಗಿ ಇವಳು! ಎಷ್ಟೋ ವರ್ಷ ಇದೇ ಕಾಯಿಲೆ ಓದಿದವಳು, ರೋಗಿಗಳು ಓಲಾಡುವ ವಿಡಿಯೋ ದಿನವೂ ನೋಡಿದವಳು. ಒಂದು ದಿನವೂ ಅಪ್ಪನ ನೆನಪಾಗಲಿಲ್ಲ. ಅಪ್ಪ ಕುಡುಕ ಅನ್ನುವುದು ಅವಳಿಗೆ ಅಷ್ಟು ಗಟ್ಟಿಯಾಗಿ ಗೊತ್ತಿತ್ತು.

ಮೇಡಂ ಅವಳ ಭುಜ ಹಿಡಿದರು. "ವೆಕ್ಟರ್ ಹುಡುಕುವ ಆ ಗುರುತು ಕೆಲವೊಮ್ಮೆ ಕಾಯಿಲೆ ಇಲ್ಲದವರಲ್ಲೂ ಇರ್ತದೆ. ಪರೀಕ್ಷೆ ಆಗದೆ ಹೇಳ್ಲಿಕ್ಕೆ ಆಗುದಿಲ್ಲ. ಮಾಡಿಸ್ಕೊಳ್ಳೋದು ಬಿಡೋದು ನಿನ್ನ ಇಷ್ಟ. ಬೇಡ ಅಂದ್ರೆ ಆ ಬಾಟಲಿ ಇವತ್ತೇ ತೆಗೀತೇನೆ. ಮತ್ತೆ ಈ ಮಾತು ಎತ್ತುದಿಲ್ಲ. ಆದ್ರೆ ಇದು ನಿನ್ನ ಜೀವದ ವಿಷಯ, ಮುಚ್ಚಿಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ."

ಶೈಲಜಾ ಮೊದಲು ಆಡಿದ ಮಾತು ತನ್ನ ಜೀವದ ಬಗ್ಗೆ ಅಲ್ಲ.

"ಹಂಗಾದ್ರ ನಮ್ಮಪ್ಪ ಕುಡೀತಿದ್ದಿಲ್ಲ?"

ಆಮೇಲೆ ಅತ್ತಳು. ನನ್ನ ಬಾಗಿಲಿಗೆ ಹಣೆ ಆನಿಸಿ ಕೂತು, ಬಿಕ್ಕಿ ಬಿಕ್ಕಿ. ನನ್ನ ಬಾಗಿಲು ಯಾವಾಗಲೂ ಬೆಚ್ಚಗಿರುತ್ತದೆ. ಕೊಡಲಿಕ್ಕೆ ನನ್ನ ಹತ್ತಿರ ಇದ್ದದ್ದು ಅಷ್ಟೇ.

ಪರೀಕ್ಷೆ ಮಾಡಿಸಿದಳು. ಊರಿಗೆ ಹೋಗಿ ಅಪ್ಪನನ್ನೂ ಕರೆತಂದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಳು. ಇಬ್ಬರಿಗೂ ಇತ್ತು. ಅವರಿಗೆ ಹಳೆಯದು, ಇವಳಿಗೆ ಇನ್ನೂ ಬರಬೇಕಾದದ್ದು. ತನ್ನ ಫಲಿತಾಂಶವನ್ನು ಮಾತ್ರ ಅಪ್ಪನಿಗೆ ಹೇಳಿರಲಿಲ್ಲ.

ಊರಿಗೆ ವಾಪಸು ಹೊರಡುವ ಮುಂಚೆ ಚನ್ನಪ್ಪ ಮಾಸ್ತರರು ಲ್ಯಾಬಿಗೆ ಬಂದರು. ಆ ಕಾಲುಗಳನ್ನು ನಾನು ಮರೆಯಲಾರೆ. ಕ್ರೀಸ್ ಹಾಕಿದ ಬಿಳಿ ಪ್ಯಾಂಟು, ಪಾಲಿಷ್ ಮಾಡಿದ ಹಳೆಯ ಕಪ್ಪು ಬೂಟು. ಕಾಲು ಅಗಲಿಸಿ, ಹೆಜ್ಜೆಗೊಮ್ಮೆ ಗೋಡೆ ಹಿಡಿದು ಬರುತ್ತಿದ್ದರು. ಪುಟ್ಟಸ್ವಾಮಿ ಕೈ ಕೊಡಲು ಹೋದ. "ಬ್ಯಾಡಪ್ಪ, ಬರ್ತೀನಿ," ಅಂದರು ದಪ್ಪ ನಾಲಿಗೆಯಲ್ಲಿ. ಸ್ಟೂಲಿನ ಮೇಲೆ ಕೂರಿಸಿದ ಮೇಲೂ ಬೆನ್ನು ನೆಟ್ಟಗೆ.

ಶೈಲಜಾ ನನ್ನ ಬಾಗಿಲು ತೆಗೆದು ಬಾಟಲಿ ತೋರಿಸಿದಳು. "ಅಪ್ಪಾ, ಇದರಾಗ ಬೆಳದದ್ದು ಚರ್ಮದ ಕಣ, ನಿಮ್ಮ ರಕ್ತದ್ದ. ನೀವು ಕುಡದಿಲ್ಲಂತ ಇದ ಹೇಳಿತು ನೋಡ್ರಿ."

ಮಾಸ್ತರರು ಬಗ್ಗಿ ಆ ಗುಲಾಬಿ ನೀರನ್ನು ನೋಡಿದರು.

"ಇಷ್ಟ್ ಸಣ್ಣದು ಹೇಳಿದ್ಕ ನಂಬಿದೇನವಾ?" ಅಂದರು. "ನಾ ಬಾಯಿಬಿಟ್ಟು ಹೇಳಿದಾಗ ನಂಬ್ಲಿಲ್ಲ."

ಅವಳು ಅವರ ಬೂಟಿನ ಮೇಲೆ ತಲೆಯಿಟ್ಟಳು. ಅವರು ನಡುಗುವ ಕೈಯಿಂದ ಅವಳ ತಲೆ ಸವರಿದರು. ಸವರುತ್ತಾ ಸವರುತ್ತಾ ಆ ಕೈ ನಿಂತಿತು. ಮಾಸ್ತರರಲ್ಲವೇ, ಲೆಕ್ಕ ಹಾಕಿಬಿಟ್ಟರು.

"ಇದರಾಗಿರೂದು ಯಾರ ಚರ್ಮ?"

ಅವಳು ಅವರ ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾರ ಚರ್ಮ, ಶೈಲೂ?"

"ನಂದ್ರಿ ಅಪ್ಪಾ."

ಬಾಗಿಲು ತೆರೆದೇ ಇತ್ತು. ನನ್ನ ಗಂಟೆ ಶುರುವಾಯಿತು, ಕುಂಯ್ ಕುಂಯ್ ಅಂತ. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ಹಾಳು ಗಂಟೆ! ಐರಿನ್ ಮೇಡಂ ಬಂದು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದರು. ಆಗ ಮಾಸ್ತರರ ಮಾತು ಸ್ಪಷ್ಟವಾಗಿ ಕೇಳಿತು.

"ಹಂಗಾದ್ರ ನಾ ಕುಡುಕ ಆಗಿದ್ರನ ಚೊಲೋ ಇತ್ತಲ್ಲವಾ."

ಇಷ್ಟು ವರ್ಷದಲ್ಲಿ ಮನುಷ್ಯರ ಬಾಯಿಂದ ಬೇಕಾದಷ್ಟು ಮಾತು ಕೇಳಿದ್ದೇನೆ. ಇದಕ್ಕಿಂತ ದೊಡ್ಡದು ಕೇಳಿಲ್ಲ.

"ಔಷಧ ಐತೇನು?" ಅಂತ ಆಮೇಲೆ ಕೇಳಿದರು.

"ಇನ್ನೂ ಇಲ್ರಿ. ಈ ಬಾಟಲ್ಯಾಗಷ್ಟ ಅದರ ಬಾಯಿ ಮುಚ್ಚೇತಿ. ಮನಷ್ಯಾರ ತಲಿಯೊಳಗ ಮುಚ್ಚಾಕ ಇನ್ನೂ ಭಾಳ ದೂರ ಐತಿ."

"ಮುಚ್ಚಸ್ರಿ ಮತ್ತ," ಅಂದರು ಮಾಸ್ತರರು, ಮೈದಾನದಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ. ಏಳುವಾಗ ಮಗಳ ಕೈ ಹಿಡಿದರು. ಈ ಸಲ ಬೇಡ ಅನ್ನಲಿಲ್ಲ. ಆಮೇಲೆ ರಜೆ ಮುಗಿಸಿ ಬಂದಾಗಲೆಲ್ಲ ಶೈಲಜಾ ಹೇಳುತ್ತಿದ್ದಳು: "ಅಪ್ಪನ ಕೈ ಹಿಡದು ಬಜಾರ ತುಂಬ ಅಡ್ಯಾಡಿದೆ ಮೇಡಂ. ನಕ್ಕಾವ್ರ ಮುಂದೆಲ್ಲಾ ನಿಂತು ಖರೇದು ಹೇಳಿದೆ."

ಬಾಟಲಿಯ ಮೇಲಿನ "ನಾರ್ಮಲ್" ಅನ್ನು ಅವಳೇ ಒರೆಸಿ ತನ್ನ ಹೆಸರು ಬರೆದಳು. ಆ ಕೋಶಗಳನ್ನು ತೆಗೆದುಹಾಕಲು ಬಿಡಲಿಲ್ಲ. ಅವುಗಳ ಮೇಲೆ ಕೆಲಸ ಮಾಡುತ್ತಲೇ ಹೋದಳು. ಆ ವರ್ಷಗಳು ಎಷ್ಟು ಚೆನ್ನಾಗಿದ್ದವು! ನಗುವಿತ್ತು, ಜಗಳವಿತ್ತು, ದೋಸೆಯ ವಾಸನೆಯಿತ್ತು. ನನ್ನ ಹೊಟ್ಟೆಯೊಳಗೆ ಅವಳ ಕೋಶಗಳು ಬೆಳೆಯುತ್ತಿದ್ದವು, ಹೊರಗೆ ಅವಳ ಹೆಜ್ಜೆಗಳು ಇನ್ನೂ ನೇರ ಗೆರೆಯಲ್ಲೇ ಬೀಳುತ್ತಿದ್ದವು. ದಿನವೂ ಬೆಳಿಗ್ಗೆ ಬಾಗಿಲು ಸದ್ದಾದರೆ ನಾನು ಮೊದಲು ನೋಡುತ್ತಿದ್ದದ್ದು ಆ ಹೆಜ್ಜೆಗಳನ್ನು.

ನನಗೂ ವಯಸ್ಸಾಯಿತು. ಕಾರ್ಖಾನೆಯಲ್ಲಿ ಆ ಹೆಂಗಸು ಒತ್ತಿದ ರಬ್ಬರ್ ಬಿರುಕು ಬಿಟ್ಟಿತು. ಮೇಡಂ ನಿವೃತ್ತರಾಗಿ ಮಂಗಳೂರಿಗೆ ಹೋದರು, ಹೋಗುವ ದಿನ ನನ್ನ ಬಾಗಿಲು ತಟ್ಟಿ "ಬರ್ತೇನೆ ಮಾರಾಯ್ತಿ" ಅಂದರು. ಅವರ ಕೆಲಸವನ್ನು ಬೇರೆ ಲ್ಯಾಬಿನವರು ಮುಂದುವರಿಸಿದ್ದಾರಂತೆ, ಈಗ ಇಲಿಗಳವರೆಗೆ ಬಂದಿದೆಯಂತೆ. ಬೆರಳು ಮುಟ್ಟಿಸಿದರೆ ಮಾತಾಡುವ ಹೊಸ ಇನ್‌ಕ್ಯುಬೇಟರ್ ಬಂತು. ನನ್ನನ್ನು ಗುಜರಿಗೆ ಹಾಕುವವರಿದ್ದರು. ಅಷ್ಟರಲ್ಲಿ ಗದಗಿನ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿದ್ದ ಶೈಲಜಾ, ನನ್ನನ್ನು ತನ್ನ ಕಾಲೇಜಿಗೆ ಕೊಡಿ ಅಂತ ಕೇಳಿ ಲಾರಿ ಕಳಿಸಿದಳು.

ಈಗ ನಾನು ಇಲ್ಲಿದ್ದೇನೆ, ಜೀವಶಾಸ್ತ್ರದ ಕೋಣೆಯಲ್ಲಿ, ಮೇಜಿಗೂ ಕರಿಹಲಗೆಗೂ ನಡುವೆ. ಗಂಟೆ ಕೆಟ್ಟಿದೆ, ಬಿಸಿ ಮಾತ್ರ ಉಳಿದಿದೆ. ಒಂದು ಬೂಷ್ಟಿನ ಕಣ ಕಂಡರೆ ಕೂಗಾಡುತ್ತಿದ್ದ ನನ್ನೊಳಗೆ ಹುಡುಗಿಯರು ಮಡಿಕೆಕಾಳು ಮೊಳಕೆಗೆ ಇಡುತ್ತಾರೆ, ಮಧ್ಯಾಹ್ನ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಕಾಲ ಕೆಟ್ಟಿತು ಅನ್ನಲೇ? ಮೊಳಕೆಯೂ ಜೀವವೇ ಬಿಡಿ.

ಮಾಸ್ತರರು ಈಗಿಲ್ಲ. ಶೈಲಜಾಳ ನಡಿಗೆ ಬದಲಾಗಿದೆ. ಮೊದಲು ಕಂಡದ್ದು ನನಗೇ. ಗೆರೆಯ ಮೇಲೆ ಬೀಳುತ್ತಿದ್ದ ಹೆಜ್ಜೆ ಗೆರೆಯಿಂದ ಆಚೆ ಬಿತ್ತು. ಈಗ ಮೇಜಿನಿಂದ ಹಲಗೆಗೆ ಹೋಗುವಾಗ ನನ್ನ ನೆತ್ತಿಯ ಮೇಲೆ ಕೈಯೂರುತ್ತಾಳೆ. ನನ್ನ ಮೇಲೆ ಈಗ ಬೇರೆ ಪೆಟ್ಟಿಗೆ ಇಲ್ಲ, ಆ ಜಾಗ ಅವಳ ಕೈಗೆ ಅಂತಲೇ ಖಾಲಿ ಉಳಿದಿದೆ.

ಮೊನ್ನೆ ಕಾಲೇಜಿನ ಹೊಸ ವರ್ಷದ ಮೊದಲ ವಾರದ ಕ್ಲಾಸು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನನ್ನ ಮೇಲೆ ಕೈಯೂರಿ ಅವರ ಕಡೆ ತಿರುಗಿದಳು.

"ನಾ ಹಿಂಗ ನಡೀತೀನಿ. ಕುಡದಿಲ್ಲ. ನಮ್ಮಪ್ಪನೂ ಹಿಂಗ ನಡೀತಿದ್ರು. ಅವರೂ ಕುಡದಿದ್ದಿಲ್ಲ. ಇದು ಮೊದಲನೇ ಪಾಠ, ಬರ್ಕೊಳ್ರಿ."

ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೂ ಒಬ್ಬ ಹುಡುಗಿ ನಿಂತಿದ್ದಳು. ನನ್ನ ಬಾಗಿಲು ತೆಗೆದು ಮೊಳಕೆಕಾಳಿನ ಡಬ್ಬಿ ತೆಗೆದುಕೊಂಡವಳು ಬಾಗಿಲು ಹಾಕುವುದನ್ನೇ ಮರೆತು ಅಲ್ಲೇ ನಿಂತಳು. ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

"ಮೇಡಂ, ನಮ್ಮ ದೊಡ್ಡಪ್ಪನೂ ಹಂಗ ನಡೀತಾನ್ರಿ. ಮನ್ಯಾಗ ಎಲ್ಲಾರೂ ಕುಡುಕ ಅಂತಾರ. ಅಂವಾ ದೇವ್ರ ಆಣಿ ಮಾಡಿ ಇಲ್ಲಂತಾನ್ರಿ."

ಶೈಲಜಾ ನನ್ನನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಸ್ಟೂಲು ಎಳೆದಳು.

"ಕೂಡವಾ," ಅಂದಳು. "ಅಂವಾ ಏನಂತಾನ, ಮೊದ್ಲಿಂದ ಹೇಳು."

ಹುಡುಗಿ ಹೇಳುತ್ತಾ ಕೂತಳು. ನನ್ನ ಬಾಗಿಲು ತೆರೆದೇ ಇತ್ತು, ಬಿಸಿಯೆಲ್ಲ ಹೊರಗೆ ಹೋಗುತ್ತಿತ್ತು. ಹೋಗಲಿ ಬಿಡಿ.